ಎರಡು ನಿಮಿಷ ಮೂರು ಸೆಕೆಂಡಿನ ಬೆಸುಗೆ

ಗೆಳೆಯರೊಬ್ಬರು ಸಿಡಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ಇದರ ಆರನೆಯ ಹಾಡು ಟೇಪಿನಿಂದ ಬಂದದ್ದಲ್ಲ, ಹಳೆಯ ಗ್ರಾಮಫೋನ್ ತಟ್ಟೆಯನ್ನು ಓಡಿಸಿ ನಕಲು ಮಾಡಿದ್ದು. ಕೇಳಿ ನೋಡಿ, ನಿಮಗೇ ಗೊತ್ತಾಗುತ್ತದೆ" ಎಂದರು. 1960ರ ದಶಕದ ಜನಪ್ರಿಯ ಹಾಡುಗಳ ಸಂಕಲನ ಅದು. ಒಟ್ಟು ಇಪ್ಪತ್ತು ಹಾಡು, ಎಲ್ಲವೂ ಆ ಕಾಲದಲ್ಲಿ ನಿಮಿಷಕ್ಕೆ 45 ಸುತ್ತಿನ ಪುಟ್ಟ ತಟ್ಟೆಗಳಾಗಿ ಮಾರಾಟವಾದವು. ಹೊದಿಕೆಯ ಬೆನ್ನಿನಲ್ಲಿ ‘ಮೂಲ ಮಾಸ್ಟರ್ ಟೇಪುಗಳಿಂದ’, ಅಂದರೆ ಸ್ಟುಡಿಯೋದಲ್ಲೇ ತಯಾರಾದ ಮೊದಲ ಟೇಪುಗಳಿಂದ, ಎಂಬ ಸಾಲಿತ್ತು. ಹಾಕಿ ಕೇಳಿದೆ. ಗಾಯಕ ಬಾಯಿ ತೆರೆಯುವ ಮುನ್ನವೇ ಒಂದು ‘ಚಟ್’, ಗಿಟಾರಿನ ನಡುವೆ ಇನ್ನೆರಡು. ನಾನೂ ತಲೆಯಾಡಿಸಿದೆ.

ಇಬ್ಬರೂ ತಪ್ಪಿದ್ದೆವು. ಆರನೆಯ ಹಾಡು ಅಪ್ಪಟ ಟೇಪಿನದು. ತಟ್ಟೆಯಿಂದ ಬಂದದ್ದು ಹದಿನಾಲ್ಕನೆಯದು, ಅದೂ ಪೂರ್ತಿಯಲ್ಲ, ಕೊನೆಯ ಮೂವತ್ತೈದು ಸೆಕೆಂಡು ಮಾತ್ರ. ಇಡೀ ಸಿಡಿಯಲ್ಲಿ ಅತ್ಯಂತ ನಿಶ್ಶಬ್ದವಾಗಿದ್ದ ಭಾಗವೂ ಅದೇ. ಅಲ್ಲಿಗೆ ತಲುಪಿದ ದಾರಿಯನ್ನು, ತಪ್ಪಿದ ತಿರುವುಗಳ ಸಮೇತ, ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಒಂದು ಮಾತು. ಕಂಪನಿಯೊಂದು ತನ್ನದೇ ಹಾಡನ್ನು ತಟ್ಟೆಯಿಂದ ಎತ್ತಿಕೊಳ್ಳಬೇಕಾದ ಗತಿ ಏಕೆ ಬರುತ್ತದೆ? ಟೇಪು ಬಹಳ ಸಲ ಉಳಿದಿರುವುದಿಲ್ಲ. 1978ರಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚ್‌ನಲ್ಲಿದ್ದ ಅಟ್ಲಾಂಟಿಕ್ ರೆಕಾರ್ಡ್ಸ್ ಸಂಸ್ಥೆಯ ಟೇಪು ದಾಸ್ತಾನಿಗೆ ಬೆಂಕಿ ಬಿದ್ದು ಸಾವಿರಾರು ಸುರುಳಿಗಳು ಹೋದವು. 2008ರ ಜೂನ್‌ನಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋಸ್ ಆವರಣದ ಬೆಂಕಿಯಲ್ಲಿ ಸಂಗೀತದ ಮಾಸ್ಟರ್ ಟೇಪುಗಳೂ ಸುಟ್ಟವು. ಆ ನಷ್ಟ ಎಷ್ಟೆಂಬ ಚರ್ಚೆ ಹೊರಗೆ ಬಿಸಿಯೇರಿದ್ದು 2019ರಲ್ಲಿ. ಬೆಂಕಿಯೇ ಬೇಕೆಂದಿಲ್ಲ. ಸಣ್ಣ ಕಂಪನಿ ಬಾಗಿಲು ಹಾಕಿಕೊಂಡರೂ ಸಾಕು, ಟೇಪು ದಿಕ್ಕಿಲ್ಲದಂತಾಗುತ್ತದೆ. ಇದೆಲ್ಲಕ್ಕಿಂತ ಮಾಮೂಲಿಯಾದ ಕಾರಣ ಇನ್ನೊಂದಿದೆ. ಜನ ರೇಡಿಯೋದಲ್ಲಿ ಕೇಳಿ ಮನಸ್ಸಿನಲ್ಲಿಟ್ಟುಕೊಂಡದ್ದು ಸಿಂಗಲ್‌ಗೆಂದೇ (ಆ ಪುಟ್ಟ ತಟ್ಟೆಗೆಂದೇ) ತಯಾರಿಸಿದ ಮಾನೋ ಮಿಶ್ರಣವನ್ನು, ಅಂದರೆ ಎಡಬಲ ಎರಡೂ ಕಡೆ ಒಂದೇ ಧ್ವನಿ ಇರುವುದನ್ನು. ಕಂಪನಿ ಜೋಪಾನ ಮಾಡಿದ್ದು ಆಲ್ಬಂನ ಟೇಪನ್ನು. ಎರಡೂ ಒಂದೇ ಹಾಡಾದರೂ ಒಂದೇ ಅಲ್ಲ: ಉದ್ದ ಬೇರೆ, ಕತ್ತರಿಸಿದ ಜಾಗ ಬೇರೆ, ಕೊನೆಯಲ್ಲಿ ಮಸುಕಾಗುವ ಕ್ಷಣ ಬೇರೆ. ಈ ಪ್ರಕರಣದ ಗುಟ್ಟೂ ಅಲ್ಲೇ ಇತ್ತು.

ಹೊದಿಕೆಯ ಮೇಲೆ ಎಎಡಿ ಎಂಬ ಮೂರಕ್ಷರವೂ ಇತ್ತು. ಅದನ್ನು ತೋರಿಸಿ ವಾದಿಸುವವರನ್ನು ಕಂಡಿದ್ದೇನೆ. 1984ರಲ್ಲಿ ಬಳಕೆಗೆ ಬಂದ ಈ ಸಂಕೇತದಲ್ಲಿ ಮೊದಲಕ್ಷರ ಧ್ವನಿಮುದ್ರಣಕ್ಕೆ, ಎರಡನೆಯದು ಮಿಶ್ರಣಕ್ಕೆ, ಮೂರನೆಯದು ಅಂತಿಮ ಪ್ರತಿ ಸಿದ್ಧಪಡಿಸುವ ಮಾಸ್ಟರಿಂಗ್‌ಗೆ. ‘ಎ’ ಎಂದರೆ ಅನಲಾಗ್, ‘ಡಿ’ ಎಂದರೆ ಡಿಜಿಟಲ್. ಹಾಡನ್ನು ಟೇಪಿನಿಂದ ತಂದರೂ ಎಎಡಿ, ತೂತು ಸವೆದ ತಟ್ಟೆಯಿಂದ ತಂದರೂ ಎಎಡಿ. ಸಾಕ್ಷಿಯಾಗಿ ಅದು ನಿಷ್ಪ್ರಯೋಜಕ.

ಆರನೆಯ ಹಾಡು

ಕಿವಿ ಕೊಟ್ಟ ತೀರ್ಪನ್ನು ಅಳೆದು ನೋಡುವುದು ನನ್ನ ಅಭ್ಯಾಸ. ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, ಆ ‘ಚಟ್’ ಸದ್ದುಗಳ ನಡುವಿನ ಅಂತರಗಳನ್ನು ಬರೆದುಕೊಂಡೆ. ತಟ್ಟೆಯ ಮೇಲಿನ ಗೀರು ಸಾಮಾನ್ಯವಾಗಿ ಒಂದೇ ಜಾಡಿಗೆ ನಿಲ್ಲುವುದಿಲ್ಲ, ಪಕ್ಕಪಕ್ಕದ ಹಲವು ಜಾಡುಗಳನ್ನು ಅಡ್ಡಲಾಗಿ ದಾಟಿರುತ್ತದೆ. ಹಾಗಾಗಿ ತಟ್ಟೆ ಒಂದು ಸುತ್ತು ಬಂದಾಗಲೆಲ್ಲ ಮುಳ್ಳು ಅದೇ ಗೀರನ್ನು ಎಡವುತ್ತದೆ. 45 ಸುತ್ತಿನ ತಟ್ಟೆಗೆ ಒಂದು ಸುತ್ತೆಂದರೆ 1.333 ಸೆಕೆಂಡು, 33⅓ ಸುತ್ತಿನದಕ್ಕೆ 1.8 ಸೆಕೆಂಡು. ಆರನೆಯ ಹಾಡಿನ ಸದ್ದುಗಳು ಈ ಯಾವ ಲೆಕ್ಕಕ್ಕೂ ಕೂಡಲಿಲ್ಲ. ಅದೇ ಹಾಡು ಬೇರೊಂದು ಕಂಪನಿಯ ಸಿಡಿಯಲ್ಲೂ ಸಿಕ್ಕಿತು. ಅಲ್ಲೂ ಅದೇ ಪದದ ಹಿಂದೆ, ಅದೇ ಗಿಟಾರ್ ಏಟಿನ ಪಕ್ಕ, ಅದೇ ಮೂರು ಸದ್ದು. ಇಬ್ಬರು ಬೇರೆ ಬೇರೆ ಜನ ಎರಡು ಬೇರೆ ತಟ್ಟೆಗಳಿಂದ ನಕಲು ಮಾಡಿದ್ದರೆ ಗೀರುಗಳು ಒಂದೇ ಜಾಗದಲ್ಲಿರುವುದು ಹೇಗೆ? ಆ ಸದ್ದು ಹುಟ್ಟಿದ್ದು ಧ್ವನಿಮುದ್ರಣದ ದಿನವೇ, ಸ್ಟುಡಿಯೋದ ಒಳಗೇ.

ಹಾಡನ್ನು ಆರೋಪದಿಂದ ಪೂರ್ತಿ ಪಾರುಮಾಡಿದ್ದು ಮಾತ್ರ ಇನ್ನೊಂದು ಸುಳಿವು. ಧ್ವನಿಯನ್ನು ಬಹಳ ಏರಿಸಿ ಕೇಳಿದಾಗ, ಗಾಯಕನ ಮೊದಲ ಪದಕ್ಕೂ ಮುಂಚೆ ಅದೇ ಪದ ದೂರದಿಂದ ಪಿಸುಗುಟ್ಟಿದಂತೆ ಕೇಳುತ್ತಿತ್ತು. ಮುನ್ನುಲಿ ಎನ್ನೋಣ. ಇದು ತಟ್ಟೆಯಲ್ಲೂ ಬರುತ್ತದೆ, ಟೇಪಿನಲ್ಲೂ ಬರುತ್ತದೆ. ತಟ್ಟೆಯಲ್ಲಾದರೆ ಮುಂದಿನ ಸುತ್ತಿನ ಜೋರು ಜಾಡು ಪಕ್ಕದ ಖಾಲಿ ಜಾಡಿನ ಗೋಡೆಯನ್ನು ಒತ್ತಿರುತ್ತದೆ. ಆಗ ಮುನ್ನುಲಿಗೂ ಮಾತಿಗೂ ನಡುವೆ ಸರಿಯಾಗಿ ಒಂದು ಸುತ್ತಿನ ಅಂತರ. ಟೇಪಿನಲ್ಲಾದರೆ ಸುರುಳಿಯ ಒಂದು ಪದರದ ಕಾಂತತ್ವ ಮೇಲಿನ ಪದರಕ್ಕೆ ಅಂಟಿರುತ್ತದೆ. ಆಗಿನ ಅಂತರ, ಸುರುಳಿ ಆ ಜಾಗದಲ್ಲಿ ಎಷ್ಟು ದಪ್ಪಗಿತ್ತು ಎಂಬುದರ ಮೇಲೆ ನಿಂತಿದೆ. ನಾನು ಅಳೆದದ್ದು 1.6 ಸೆಕೆಂಡು. 1.33 ಅಲ್ಲ, 1.8 ಕೂಡ ಅಲ್ಲ. ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಸ್ಟುಡಿಯೋ ಟೇಪಿನಲ್ಲಿ 1.6 ಸೆಕೆಂಡೆಂದರೆ 61 ಸೆಂಟಿಮೀಟರ್ ಸುತ್ತಳತೆ, ಸುಮಾರು 9.7 ಸೆಂಟಿಮೀಟರ್ ತ್ರಿಜ್ಯ. ಹತ್ತೂವರೆ ಇಂಚಿನ ಸುರುಳಿಯಲ್ಲಿ ಅದು ಸಲೀಸಾಗಿ ಹಿಡಿಸುತ್ತದೆ. ಸುಟ್ಟು ಹೋಯಿತೋ ಇದೆಯೋ ಎಂದು ನಾವು ಅನುಮಾನಿಸುತ್ತಿದ್ದ ಟೇಪಿನ ಗಾತ್ರವನ್ನು ಒಂದು ಪಿಸುಮಾತಿನಿಂದ ಅಳೆದಂತಾಯಿತು. ಆ ಸಂಜೆಯ ಸಂತೋಷ ಈ ಇಡೀ ಕೆಲಸದಲ್ಲಿ ಮತ್ತೆ ಸಿಗಲಿಲ್ಲ ಎಂದರೂ ಸರಿಯೇ.

ಹದಿನಾಲ್ಕನೆಯದು

ಆರನೆಯದರ ಮೇಲಿನ ಆರೋಪ ಬಿದ್ದುಹೋದ ಮೇಲೆ ಸಿಡಿಯನ್ನು ಹಿಂತಿರುಗಿಸಬಹುದಿತ್ತು. ಆದರೆ ತಂತ್ರಾಂಶ ತೆರೆದೇ ಇತ್ತು, ಮಿಕ್ಕ ಹಾಡುಗಳಲ್ಲಿ ಬಹುಪಾಲು ಮಾನೋ. ಮಾನೋ ಹಾಡುಗಳಿಗೆ ಒಂದು ಸೊಗಸಾದ ಪರೀಕ್ಷೆಯಿದೆ: ಎಡ ವಾಹಿನಿಯಿಂದ (ಚಾನೆಲ್‌ನಿಂದ) ಬಲ ವಾಹಿನಿಯನ್ನು ಕಳೆಯುವುದು. ಸಂಗೀತ ಎರಡರಲ್ಲೂ ಒಂದೇ ಆದ್ದರಿಂದ ಅದು ಅಳಿಸಿಹೋಗುತ್ತದೆ, ಎರಡರಲ್ಲೂ ಒಂದೇ ಆಗಿರದ ಕಸ ಉಳಿಯುತ್ತದೆ. ಆ ಕಸವೇ ಕಥೆ ಹೇಳುತ್ತದೆ. ಮಾನೋ ತಟ್ಟೆಯಲ್ಲಿ ಸಂಗೀತವಿರುವುದು ಜಾಡಿನ ಅಡ್ಡ ಅಲುಗಾಟದಲ್ಲಿ ಮಾತ್ರ. ಅದನ್ನು ಸ್ಟೀರಿಯೋ ಕಾರ್ಟ್ರಿಜ್‌ನಿಂದ (ಮುಳ್ಳನ್ನು ಹಿಡಿದಿರುವ ಭಾಗದಿಂದ) ಓದಿದರೆ ಮುಳ್ಳಿನ ಮೇಲೆಕೆಳಗಿನ ಅಲುಗಾಟವೂ ಸೇರಿಕೊಳ್ಳುತ್ತದೆ: ಧೂಳು, ಗೀರು, ಯಂತ್ರದ ಗುಡುಗುಡು. ಕಳೆದಾಗ ಉಳಿಯುವುದು ಇವೇ, ಚಟಪಟ ಸದ್ದಿನ ಮೆರವಣಿಗೆಯಂತೆ. ಟೇಪಿನದಾದರೆ ಉಳಿಯುವುದು ಒಂದೇ ಸಮನೆಯ ಸುಯ್ಲು. ಅಗಲವಾದ ಒಂದೇ ಜಾಡಿನ ಟೇಪನ್ನು ಎರಡು ಜಾಡಿನ ಹೆಡ್ ಓದುವಾಗ ಸುಯ್ಲು ಮಾತ್ರ ಎಡಕ್ಕೊಂದು ಬಲಕ್ಕೊಂದು ಬಗೆಯಾಗಿರುತ್ತದೆ.

ಹದಿನಾಲ್ಕನೆಯ ಹಾಡು 2 ನಿಮಿಷ 38 ಸೆಕೆಂಡಿನದು. ಎಡದಿಂದ ಬಲವನ್ನು ಕಳೆದೆ. ಸುಯ್ಲು ಬಂತು, ಟೇಪಿನದೇ. ಹಾಡು ಕಳಂಕವಿಲ್ಲದ್ದು ಎಂದುಕೊಂಡು ಮುಂದಿನದಕ್ಕೆ ಹೋಗುವವನಿದ್ದೆ. ಅಷ್ಟರಲ್ಲಿ ಪರದೆಯ ಬಲಬದಿಯಲ್ಲಿ ಗೆರೆ ಚಪ್ಪಟೆಯಾಗಿರುವುದು ಕಣ್ಣಿಗೆ ಬಿತ್ತು. 2 ನಿಮಿಷ 3.6 ಸೆಕೆಂಡಿನಲ್ಲಿ, ಸರಿಯಾಗಿ ಒಂದು ಡ್ರಮ್ ಏಟಿನ ಮೇಲೆ, ಸುಯ್ಲು ನಿಂತುಹೋಗಿತ್ತು. ಅಲ್ಲಿಂದ ಕೊನೆಯವರೆಗೆ, ಡಿಜಿಟಲ್ ಮಾಡುವಾಗ ಬೇಕೆಂದೇ ಬೆರೆಸುವ, ಕಟ್ಟಕಡೆಯ ಬಿಟ್‌ನಷ್ಟು ಸಣ್ಣ ಡಿದರ್ ಗದ್ದಲವೊಂದನ್ನು ಬಿಟ್ಟರೆ, ಸೊನ್ನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಯಿತು ಇದು. ಯಾರೋ ಆ ಭಾಗವನ್ನು ಮಾತ್ರ ಎರಡೂ ವಾಹಿನಿ ಕೂಡಿಸಿ ಒಂದು ಮಾಡಿದ್ದಾರೆ. ಕೂಡಿಸಿದರೆ ಮೇಲೆಕೆಳಗಿನ ಕಸವೆಲ್ಲ ಒಂದೇ ಏಟಿಗೆ ಹೋಗುತ್ತದೆ. ತಟ್ಟೆಯಿಂದ ಎತ್ತುವವರು ಮಾಡುವ ಮೊದಲ ಕೆಲಸವೇ ಅದು.

ಆದರೆ ಇಷ್ಟರಿಂದ ಸಾಬೀತಾಗುವುದು ಅಲ್ಲಿ ಬೆಸುಗೆಯಿದೆ ಎಂಬುದಷ್ಟೇ. ಬೇರೆ ಟೇಪಿನ ತುಂಡನ್ನೂ ಹೀಗೆ ಅಂಟಿಸಿರಬಹುದು. ಈ ಎಚ್ಚರವನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಇಂಥ ವಾದಗಳಲ್ಲಿ ಅರ್ಧಕ್ಕರ್ಧ ಇಲ್ಲೇ ಹಳಿ ತಪ್ಪುತ್ತವೆ.

ಹೆಡ್‌ಫೋನಿನಲ್ಲಿ ಬೆಸುಗೆಯ ಆಚೆಗಿನ ಭಾಗವನ್ನಷ್ಟೇ ಹತ್ತಾರು ಸಲ ಕೇಳಿದೆ. ಕೊನೆಯ ಪಲ್ಲವಿಯಲ್ಲಿ ‘ಸ’ಕಾರಗಳು ಉಗುಳಿದಂತೆ ಒಡೆಯುತ್ತಿದ್ದವು. 45 ಸುತ್ತಿನ ತಟ್ಟೆಯ ಅಂಚಿನಲ್ಲಿ ಜಾಡು ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 40 ಸೆಂಟಿಮೀಟರ್ ವೇಗದಲ್ಲಿ ಸರಿಯುತ್ತದೆ, ಒಳಗಿನ ಕೊನೆಗೆ ಬರುವಷ್ಟರಲ್ಲಿ ಅದು 25ಕ್ಕೆ ಇಳಿಯಬಹುದು. ಸುತ್ತು ಅಷ್ಟೇ, ಪರಿಧಿ ಕಡಿಮೆ. ಅಷ್ಟೇ ಸದ್ದನ್ನು ಕಡಿಮೆ ಜಾಗದಲ್ಲಿ ಕೊರೆದಾಗ ಸೂಕ್ಷ್ಮ ತಿರುವುಗಳನ್ನು ಮುಳ್ಳು ಹಿಂಬಾಲಿಸಲಾರದು, ‘ಸ’, ‘ಶ’ಗಳು ಮೊದಲು ಕೆಡುತ್ತವೆ. ಹಾಡು ಮಸುಕಾಗುವ ಕಡೆ ಇನ್ನೊಂದು ಗುರುತು: ಡ್ರಮ್ ಸೆಟ್ಟಿನ ತಾಳಗಳ (ಸಿಂಬಲ್‌ಗಳ) ಸದ್ದಿನ ಬಾಲ ನೀರಿನೊಳಗಿಂದ ಕೇಳಿದಂತೆ ಗುಳುಗುಳು ಎನ್ನುತ್ತಿತ್ತು. ಗದ್ದಲ ತೆಗೆಯುವ ತಂತ್ರಾಂಶವನ್ನು ಬಿಗಿಯಾಗಿ ಹಿಂಡಿದಾಗ ಉಳಿಯುವ ಕಲೆ ಅದು. ಇನ್ನು 30 ಹರ್ಟ್ಸ್‌ಗಿಂತ ಕೆಳಗೆ ಬೆಸುಗೆಯ ಈಚೆ ಏನೋ ಒಂದಿಷ್ಟು ಇತ್ತು, ಆಚೆ ಏನೂ ಇರಲಿಲ್ಲ. ತಟ್ಟೆ ಕೊರೆಯುವಾಗ ತಗ್ಗು ಸ್ವರಗಳನ್ನು ಇಳಿಸಿ, ಓದುವಾಗ ಸುಮಾರು 20 ಡೆಸಿಬೆಲ್‌ವರೆಗೆ ಏರಿಸುವುದು 1950ರ ದಶಕದಿಂದ ರೂಢಿಯಲ್ಲಿರುವ ಕ್ರಮ. ಹಾಗೆ ಏರಿಸಿದಾಗ ಯಂತ್ರದ ಗುಡುಗೂ ಏರುತ್ತದೆ, ಅದಕ್ಕೇ ಆ ಭಾಗವನ್ನು ಪೂರ್ತಿ ಸೋಸಿ ತೆಗೆಯುತ್ತಾರೆ.

ಎಲ್ಲವೂ ತಟ್ಟೆಯತ್ತ ಬೆರಳು ತೋರಿಸುತ್ತಿದ್ದವು, ಆದರೆ ಒಂದೂ ನೇರ ಸಾಕ್ಷಿಯಲ್ಲ. ಕೆಟ್ಟ ಟೇಪು ಪ್ರತಿಯಲ್ಲೂ ‘ಸ’ಕಾರ ಒಡೆಯಬಹುದು, ಟೇಪಿನ ಮೇಲೂ ಗದ್ದಲನಿವಾರಣೆ ಮಾಡುತ್ತಾರೆ. ತಟ್ಟೆಗೆ ಮಾತ್ರ ಸಲ್ಲುವ ಗುಣ ಒಂದೇ: ಅದು ಸುತ್ತುತ್ತದೆ. ಸುತ್ತಿದ ಗುರುತು ಬೇಕಿತ್ತು.

ಧ್ವನಿಯ ಕಂಪನಾಂಕಗಳನ್ನು ಚಿತ್ರವಾಗಿ ತೋರಿಸುವ ಸ್ಪೆಕ್ಟ್ರೋಗ್ರಾಂ ತೆರೆದು ಮೇಲಿನ ಕಂಪನಾಂಕಗಳನ್ನು ಹಿಗ್ಗಿಸಿ ನೋಡಿದಾಗ ಕೆಲವೆಡೆ ಕೂದಲೆಳೆಯಷ್ಟು ಸಣ್ಣ ಲಂಬ ಗೀಟುಗಳು ತೆಳುವಾಗಿ ಕಂಡವು. ‘ಚಟ್’ ಸದ್ದನ್ನು ಕತ್ತರಿಸಿ ತೆಗೆದು, ಅಕ್ಕಪಕ್ಕದ ಅಲೆಯನ್ನು ನೋಡಿ ಊಹೆಯಿಂದ ತೇಪೆ ಹಾಕಿದ ಜಾಗಗಳವು. ತೇಪೆಯಲ್ಲಿ ಎತ್ತರದ ಸ್ವರಗಳು ಅಷ್ಟು ಚೆನ್ನಾಗಿ ಕೂಡುವುದಿಲ್ಲ, ಒಂದು ಕ್ಷಣ ತೆಳುವಾಗುತ್ತವೆ. ಅಂಥ ಏಳು ಗೀಟುಗಳನ್ನು ಗುರುತು ಹಾಕಿ ಅಂತರ ಅಳೆದೆ. 1.32, 1.32, 2.64, 1.32... ಕ್ರಮ ಸ್ಪಷ್ಟ. ಆದರೆ 1.333 ಎಲ್ಲಿ?

ಈ ಒಂದು ನೂರನೇ ಭಾಗ ಎರಡು ದಿನ ತಲೆ ತಿಂದಿತು. ನನ್ನ ಅಳತೆಯ ತಪ್ಪಲ್ಲ, ಸುತ್ತುಗಳ ಮೇಲೆ ಸುತ್ತು ಸೇರಿದಂತೆ ವ್ಯತ್ಯಾಸ ಬೆಳೆಯುತ್ತಲೇ ಹೋಗುತ್ತಿತ್ತು. ತಟ್ಟೆ ನಿಮಿಷಕ್ಕೆ 45.4 ಸುತ್ತು ತಿರುಗಿದ ಹಾಗೆ. ಉತ್ತರ ಸಿಕ್ಕಿದ್ದು ಆ ಸಿಂಗಲ್‌ನ ನನ್ನದೇ ಪ್ರತಿಯನ್ನು ಹೊರತೆಗೆದು, ಸುತ್ತನ್ನು ಸರಿಯಾಗಿ 45ಕ್ಕೆ ನಿಲ್ಲಿಸಿ ಓಡಿಸಿದಾಗ. ಸಿಡಿಯ ಮೊದಲ ಭಾಗಕ್ಕಿಂತ ನನ್ನ ತಟ್ಟೆಯ ಶ್ರುತಿ ಸ್ವಲ್ಪ ತಗ್ಗಿನಲ್ಲಿತ್ತು, ಅರ್ಧ ಸ್ವರದ ಆರನೇ ಒಂದು ಭಾಗದಷ್ಟು. ಬೆಸುಗೆ ಹಾಕುವವರು ತಟ್ಟೆಯ ತುಂಡನ್ನು ಹಾಗೆಯೇ ಅಂಟಿಸಿದ್ದರೆ ಆ ಜಾಗದಲ್ಲಿ ಶ್ರುತಿ ಜಾರಿದ್ದು ಯಾರಿಗಾದರೂ ಕೇಳಿಸುತ್ತಿತ್ತು. ಅದಕ್ಕೇ ಶೇಕಡಾ 0.9ರಷ್ಟು ವೇಗ ಹೆಚ್ಚಿಸಿ ಟೇಪಿಗೆ ಹೊಂದಿಸಿದ್ದಾರೆ. 1.333 ಸೆಕೆಂಡು 1.32 ಆಗಿದ್ದು ಹಾಗೆ. ಲೆಕ್ಕಕ್ಕೆ ಹೊಂದದ ಅಂಕಿಯೇ ಲೆಕ್ಕವನ್ನು ಗಟ್ಟಿ ಮಾಡಿತು.

ನನ್ನ ಪ್ರತಿಯಲ್ಲಿ ಆ ಗೀರುಗಳು ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಗೀರು ಆಯಾ ಪ್ರತಿಯ ಸ್ವಂತ ಆಸ್ತಿ. ‘ಸ’ಕಾರಗಳು ಮಾತ್ರ ನನ್ನದರಲ್ಲೂ ಅದೇ ಪದಗಳಲ್ಲಿ ಒಡೆಯುತ್ತಿದ್ದವು, ಏಕೆಂದರೆ ಅವು ಕೊರೆತದಲ್ಲೇ ಬಂದವು.

ಇಷ್ಟಾದರೂ ಇನ್ನೊಂದು ಸಾಕ್ಷಿ ಬೇಕೆನಿಸಿತು. ಅಚ್ಚಿನ ತೂತು ನಡುವಿನಿಂದ ಕೂದಲಷ್ಟು ಸರಿದಿದ್ದರೂ ತಟ್ಟೆಯ ಶ್ರುತಿ ಸುತ್ತಿಗೊಮ್ಮೆ ಏರಿ ಇಳಿಯುತ್ತದೆ. ಕೊನೆಯ ಪಲ್ಲವಿಯಲ್ಲಿ ಆರ್ಗನ್ ಒಂದು ಸ್ವರವನ್ನು ನಾಲ್ಕು ಸೆಕೆಂಡು ಹಿಡಿದಿತ್ತು. ಅದರ ಮೇಲಿನ ಹಾರ್ಮೋನಿಕ್ (ಸ್ವರದೊಡನೆ ಮೂಡುವ ಎತ್ತರದ ಉಪಸ್ವರ) ನೋಡಿದರೆ ಅಲೆ ಕಾಣುತ್ತಿದೆ! ಹಿಗ್ಗಿ ಗೆಳೆಯರಿಗೆ ಫೋನ್ ಮಾಡುವಷ್ಟರಲ್ಲಿ ಕೈ ನಿಂತಿತು. ಆರ್ಗನ್‌ಗೆ ಜೋಡಿಸುವ ಲೆಸ್ಲಿ ಸ್ಪೀಕರ್ ತಾನೇ ತಿರುಗುವಂಥದ್ದು, ನಿಧಾನಗತಿಯಲ್ಲಿ ಅದರ ವೇಗ ನಿಮಿಷಕ್ಕೆ ಹೆಚ್ಚುಕಡಿಮೆ 40ರಿಂದ 50 ಸುತ್ತು. ತಟ್ಟೆಯ ವೇಗವೂ ಅದೇ. ಬಲೆಗೆ ಬೀಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹಾಗಾಗಿ ಆರ್ಗನ್ ಬಿಟ್ಟು ಇಡೀ ಧ್ವನಿಯನ್ನೇ ಹಿಡಿದೆ. ಇದೇ ಹಾಡಿನ ಆಲ್ಬಂ ಆವೃತ್ತಿ ಇನ್ನೊಂದು ಸಿಡಿಯಲ್ಲಿ ನನ್ನ ಬಳಿ ಇತ್ತು, ಅದು 2 ನಿಮಿಷ 21 ಸೆಕೆಂಡಿಗೇ ಮುಗಿಯುತ್ತದೆ. ಸಾಮಾನ್ಯವಾಗಿ ಸಿಂಗಲ್ ಗಿಡ್ಡ, ಆಲ್ಬಂ ಉದ್ದ. ಇಲ್ಲಿ ತಿರುವುಮುರುವು. ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದು ಇನ್ನೊಂದಕ್ಕಿಂತ ಎಷ್ಟು ಮುಂದೆ ಅಥವಾ ಹಿಂದೆ ಇದೆ ಎಂದು ಹತ್ತನೇ ಒಂದು ಸೆಕೆಂಡಿಗೊಮ್ಮೆ ಅಳೆದು ಗೆರೆ ಎಳೆದೆ. 2 ನಿಮಿಷ 3.6 ಸೆಕೆಂಡಿನವರೆಗೆ ಗೆರೆ ನೇರ, ಸ್ವಲ್ಪ ಓರೆ. ಎರಡು ಟೇಪು ಯಂತ್ರಗಳ ವೇಗದಲ್ಲಿದ್ದ ಸಣ್ಣ ಅಂತರ ಅದು. ಬೆಸುಗೆಯ ಆಚೆ ಗೆರೆ ಹಾವಿನಂತೆ ಹರಿಯತೊಡಗಿತು. ಆ ಕಡೆ ಈ ಕಡೆ ಸುಮಾರು ಅರ್ಧ ಮಿಲಿಸೆಕೆಂಡು, ಅಂದರೆ ಸಿಡಿಯ ಇಪ್ಪತ್ತಕ್ಕೂ ಹೆಚ್ಚು ಅಳತೆಬಿಂದು (ಸ್ಯಾಂಪಲ್). ಆಲ್ಬಂ ಆವೃತ್ತಿ ಮುಗಿಯುವವರೆಗೆ ಹನ್ನೆರಡಕ್ಕಿಂತ ಹೆಚ್ಚು ಅಲೆಗಳನ್ನು ಎಣಿಸಿದೆ, ಪ್ರತಿಯೊಂದೂ 1.32 ಸೆಕೆಂಡಿನದು. ಡ್ರಮ್, ಬಾಸ್, ಗಾಯಕ, ಆರ್ಗನ್ ಎಲ್ಲವೂ ಒಟ್ಟಿಗೆ ತೂಗುತ್ತಿದ್ದವು. ಲೆಸ್ಲಿ ಸ್ಪೀಕರ್ ಆರ್ಗನನ್ನು ತಿರುಗಿಸೀತು, ಗಾಯಕನನ್ನಲ್ಲ.

ಈಗ ಬೆಸುಗೆ ಅಲ್ಲೇ ಏಕೆ ಬಿತ್ತು ಎಂಬುದೂ ಬಯಲಾಯಿತು. ಆಲ್ಬಂ ಆವೃತ್ತಿಯಲ್ಲಿ ಹಾಡು ಮಸುಕಾಗಲು ಶುರುವಾಗುವುದು 2 ನಿಮಿಷ 5 ಸೆಕೆಂಡಿಗೆ. ಅದಕ್ಕಿಂತ ಒಂದೂವರೆ ಸೆಕೆಂಡು ಮೊದಲು ಸಿಗುವ ಕೊನೆಯ ಗಟ್ಟಿ ಡ್ರಮ್ ಏಟೇ ಬೆಸುಗೆಯ ಜಾಗ. ಸಂಕಲನಕಾರರ ಕೈಯಲ್ಲಿದ್ದದ್ದು ಆಲ್ಬಂನ ಟೇಪು. ಕೇಳುಗರಿಗೆ ಬೇಕಿದ್ದದ್ದು ರೇಡಿಯೋದಲ್ಲಿ ಬಂದ ಪೂರ್ತಿ ಸಿಂಗಲ್. ಟೇಪಿನಲ್ಲಿ ಇಲ್ಲದ ಬಾಲವನ್ನು ತಟ್ಟೆಯಿಂದ ತಂದು ಜೋಡಿಸಿದ್ದಾರೆ. ಸಿಂಗಲ್‌ನಲ್ಲಿ ಈ ತುಂಡು ಇಪ್ಪತ್ತಾರು ಸುತ್ತಿನಷ್ಟು, ತಟ್ಟೆಯ ಅತ್ಯಂತ ಒಳಗಿನ, ಅತ್ಯಂತ ಕೆಡುವ ಜಾಗ. ಪಾಪ, ಅವರಿಗೆ ಬೇಕಾದದ್ದು ಅಲ್ಲೇ ಇತ್ತು.

ಗೆಳೆಯರಿಗೆ ಎಲ್ಲ ತೋರಿಸಿದೆ. "ಹಾಗಾದರೆ ಮೋಸ ತಾನೇ?" ಎಂದರು, ಆರನೆಯ ಹಾಡು ಕೈಕೊಟ್ಟ ಬೇಸರ ದನಿಯಲ್ಲಿತ್ತು.

ನಾನು ಒಪ್ಪಲಿಲ್ಲ. ಬೆಸುಗೆಯ ಕೆಲಸ ಅಚ್ಚುಕಟ್ಟಾಗಿದೆ. ಏಟಿನ ಮೇಲೆ ಏಟು ಕೂರಿಸಿ, ಶ್ರುತಿ ಹೊಂದಿಸಿ, ಹೆಡ್‌ಫೋನಿಲ್ಲದೆ ಕೇಳುವವರಿಗೆ ತಿಳಿಯದಂತೆ ಮಾಡಿದ್ದಾರೆ. ನಾನಾಗಿದ್ದರೂ ಇದನ್ನೇ ಮಾಡುತ್ತಿದ್ದೆ, ಗದ್ದಲ ತೆಗೆಯುವಲ್ಲಿ ಮಾತ್ರ ಕೈ ಸ್ವಲ್ಪ ಹಗುರವಾಗಿಡುತ್ತಿದ್ದೆ. ತಟ್ಟೆಯ ತುಸು ಚಟಪಟವನ್ನು ಸಹಿಸಬಹುದು, ಆ ಗುಳುಗುಳು ಸಹಿಸಲಾಗದು. ನನ್ನ ತಕರಾರು ಹೊದಿಕೆಯ ಸಾಲಿನ ಬಗ್ಗೆ. ‘ಹದಿನಾಲ್ಕನೆಯ ಹಾಡಿನ ಕೊನೆಯ ಭಾಗ ತಟ್ಟೆಯಿಂದ’ ಎಂದು ಸಣ್ಣ ಅಕ್ಷರದಲ್ಲಿ ಸೇರಿಸಲು ಅಲ್ಲಿ ಜಾಗವಿತ್ತು.

ನನ್ನ ಪಟ್ಟಿಯಲ್ಲಿ ಹೀಗೆ ಬರೆದಿಟ್ಟಿದ್ದೇನೆ: 6 – ಟೇಪು, ಸ್ಟೀರಿಯೋ, ಮುನ್ನುಲಿ 1.6 ಸೆಕೆಂಡು. 14 – ಮೊದಲಿನಿಂದ 2:03.6ರವರೆಗೆ ಆಲ್ಬಂ ಟೇಪು, ಮುಂದೆ 45ರ ತಟ್ಟೆ, ವೇಗ ಶೇ. 0.9 ಹೆಚ್ಚಿಸಿದ್ದು. ಹದಿನೇಳರ ಮುಂದೆ ಸದ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ. ಎಡದಿಂದ ಬಲ ಕಳೆದರೆ ಅದರಲ್ಲಿ ಮೊದಲಿನಿಂದ ಕೊನೆಯವರೆಗೂ ಸೊನ್ನೆ.